ಕಂದಾಯದವನು ಕಂಡ ಸಾವನದುರ್ಗ

ಪಾಳೆಗಾರ ಎಂದೊಡನೆ ನಮ್ಮ ಜನಕ್ಕೆ ಕಣ್ಣಮುಂದೆ ಬರುವುದು ಹುರಿಮೀಸೆ, ಕುದುರೆ, ಕತ್ತಿ. ಮಾಗಡಿ ಸೀಮೆಯ ಕಂದಾಯದ ಕಡತಗಳ ನಡುವೆ ಕೂತು ಕೂದಲು ನರೆಸಿಕೊಂಡ ನನಗೆ ಕಾಣುವ ಪಾಳೆಗಾರನೇ ಬೇರೆ. ಇಷ್ಟು ಹೋಬಳಿ ನನ್ನದು, ಅದರ ಹುಟ್ಟುವಳಿ ಇಷ್ಟು, ಮೇಲಿನವರಿಗೆ ವರ್ಷಕ್ಕೆ ಸಲ್ಲಿಸುವುದು ಇಷ್ಟು, ದಂಡಿಗೆ ಕರೆದಾಗ ಕಳಿಸುವ ಆಳು ಇಷ್ಟು ಎಂದು ಒಪ್ಪಿಕೊಂಡವನು ಅವನು. ಸಲ್ಲಿಸುವಷ್ಟು ದಿನ ಪ್ರಭು. ಸಲ್ಲಿಸದೆ ಹೋದರೆ, ಇಲ್ಲವೇ ಸಲ್ಲಿಸಿಕೊಳ್ಳಬೇಕಾದ ದೊರೆಯೇ ಮುಳುಗಿಹೋದರೆ, ಹೆಂಡತಿ ಮಕ್ಕಳನ್ನೂ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹತ್ತಲು ಒಂದು ಬೆಟ್ಟ ಬೇಕು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನಕ್ಕೆ ಹಾಗೆ ಒದಗಿದ ಬೆಟ್ಟ ಸಾವನದುರ್ಗ.

ಬೆಂಗಳೂರಿನವರಿಗೆ ಈ ಬೆಟ್ಟ ಶನಿವಾರ ಭಾನುವಾರದ ಚಾರಣದ ಜಾಗ. ಮಾಗಡಿಯಿಂದ 12 ಕಿಲೋಮೀಟರ್ ದೂರ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ, ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಎಂದು ಅವರಿಗೆ ಬಾಯಿಪಾಠ. ಬೆಟ್ಟಕ್ಕೆ ಎರಡು ತಲೆ: ಕರಿಗುಡ್ಡ, ಬಿಳಿಗುಡ್ಡ. ಎರಡರ ನಡುವೆ ಕಮರಿ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ. ಸ್ವಲ್ಪ ಆಚೆ ಅರ್ಕಾವತಿ, ಅದಕ್ಕೆ ಅಡ್ಡಕಟ್ಟಿದ ಮಂಚನಬೆಲೆ ಜಲಾಶಯ. ಕರಿಗುಡ್ಡ ಹತ್ತುವಾಗ ಅಲ್ಲೊಂದು ಇಲ್ಲೊಂದು ಗೋಡೆ ಅಡ್ಡ ಬರುತ್ತದೆ. ಏದುಸಿರು ಬಿಡುವವರು ಅದಕ್ಕೆ ಒರಗಿ ನೀರು ಕುಡಿಯುತ್ತಾರೆ. ತುದಿಯಲ್ಲಿ ನಂದಿ ಮಂಟಪ. ಅಲ್ಲಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಒರಗಿಕೊಂಡ ಗೋಡೆ ಯಾರದು ಎಂದು ಕೇಳುವವರು ಕಡಿಮೆ. ಕೇಳಿದರೂ ಬುಡದಲ್ಲಿ ಸೌತೆಕಾಯಿ ಮಾರುವವರ ಉತ್ತರ ಒಂದೇ: ‘ಕೆಂಪೇಗೌಡ್ರುದು.’

ಯಾವ ಕೆಂಪೇಗೌಡರದು? ತೊಡಕು ಶುರುವಾಗುವುದೇ ಇಲ್ಲಿ. ಆ ಮನೆತನದಲ್ಲಿ ಒಬ್ಬರಲ್ಲ, ಹಲವರು ಕೆಂಪೇಗೌಡರು. ಹಿರಿಯ ಕೆಂಪೇಗೌಡ, ಇಮ್ಮಡಿ ಕೆಂಪೇಗೌಡ, ಕೊನೆಗೆ ಮುಮ್ಮಡಿ ಕೆಂಪವೀರಗೌಡ. ಊರು ಕಟ್ಟಿದ್ದು ಮೊದಲನೆಯವರು, ಕಳೆದುಕೊಂಡದ್ದು ನಂತರದವರು. ವಿಮಾನ ನಿಲ್ದಾಣಕ್ಕೆ ಇಟ್ಟಿರುವುದು, 2022ರಲ್ಲಿ 108 ಅಡಿ ಎತ್ತರದ ಕಂಚಿನ ಪ್ರತಿಮೆಯಾಗಿ ನಿಂತಿರುವುದು ಮೊದಲನೆಯವರ ಹೆಸರು. ಸಾವನದುರ್ಗ ಕೆಂಪೇಗೌಡರದು ಎಂದಾಗಲೂ ಜನ ಅವರನ್ನೇ ನೆನೆಯುತ್ತಾರೆ. ನಾನು ಹೇಳಹೊರಟಿರುವುದು ಹೆಚ್ಚಾಗಿ ಉಳಿದವರ ಕಥೆ.

ಬೆಟ್ಟದ ಹೆಸರು ಗೌಡರಿಗಿಂತ ಹಳೆಯದು. 1340ರ ಮಾಡಬಾಳು ಶಾಸನದಲ್ಲಿ, ಹೊಯ್ಸಳರ ಮೂರನೆಯ ಬಲ್ಲಾಳನ ಕಾಲದಲ್ಲಿ, ಇದು ‘ಸಾವಂದಿ’. ಕೋಟೆಯನ್ನು 1543ರಲ್ಲಿ ವಿಜಯನಗರದ ಅಧಿಕಾರಿ ಸಾಮಂತರಾಯ ಕಟ್ಟಿಸಿದನೆಂದು ಬಿ. ಎಲ್. ರೈಸ್ ಸಿದ್ಧಪಡಿಸಿದ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅದಕ್ಕೆ ಶಾಸನದ ಬೆಂಬಲವಿಲ್ಲ. ಆದರೂ ಸಾಮಂತದುರ್ಗವೇ ಸಾವನದುರ್ಗ ಆಯಿತು ಎಂದು ನಮ್ಮ ಕಡೆಯ ಮೇಷ್ಟ್ರುಗಳು ಪಾಠ ಹೇಳುತ್ತ ಬಂದಿದ್ದಾರೆ. ಸಾಮಂತರಾಯನಾದ ಮೇಲೆ ಮಾಗಡಿಯ ಜೊತೆಗೆ ಬೆಟ್ಟವೂ ಇಮ್ಮಡಿ ಕೆಂಪೇಗೌಡನ ಕೈಸೇರಿತು.

ಹಿರಿಯ ಕೆಂಪೇಗೌಡನ ವ್ಯವಹಾರವನ್ನು ಒಮ್ಮೆ ನೋಡಿಕೊಂಡು ಮುಂದೆ ಹೋಗಬೇಕು, ಏಕೆಂದರೆ ಅದರಲ್ಲೇ ಮುಂದಿನದರ ಸುಳಿವಿದೆ. ಆವತಿಯ ರಣಭೈರೇಗೌಡನ ವಂಶ, ಮೊರಸು ಒಕ್ಕಲಿಗರು, ಯಲಹಂಕ ನಾಡಿನ ಪ್ರಭುಗಳು. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆ. ಮೆಚ್ಚಿದ ಅಚ್ಯುತರಾಯ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ, ಕುಂಬಳಗೋಡು ಮುಂತಾದ ಹನ್ನೆರಡು ಹೋಬಳಿ ಬಿಟ್ಟುಕೊಟ್ಟ. ಹುಟ್ಟುವಳಿ 30,000 ವರಹ. ಇಲ್ಲಿಯವರೆಗೆ ಲೆಕ್ಕ ಸರಿ. ಆಮೇಲೆ ಗೌಡ ಭೈರವನ ಹೆಸರಿನಲ್ಲಿ ತಾನೇ ನಾಣ್ಯ ಟಂಕಿಸಿದ. ಕಂದಾಯ ವಸೂಲಿ ಮಾಡುವವನು ಸ್ವಂತ ನಾಣ್ಯ ಹೊಡೆದರೆ ಮೇಲಿನವರು ಸುಮ್ಮನಿರುತ್ತಾರೆಯೇ? ವಿಜಯನಗರದವರು ಕರೆಸಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರು. ಸೀಮೆ ಜಪ್ತಿಯಾಗಿ ಜಗದೇವರಾಯನ ಮನೆತನದ ಪಾಲಾಯಿತು. ಭಾರಿ ದಂಡ ಕಟ್ಟಿ ಗೌಡ ಹೊರಬಂದ, ಸೀಮೆ ಮರಳಿ ಸಿಕ್ಕಿತು. ಪ್ರತಿಮೆಯ ಉದ್ಘಾಟನೆಯ ಭಾಷಣಗಳಲ್ಲಿ ಈ ಐದು ವರ್ಷ ಬರುವುದಿಲ್ಲ. ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಜೈಲಿನಿಂದ ಬಂದು ಮತ್ತೆ ಕೆರೆ ಕಟ್ಟಿಸಲು ನಿಂತವನ ಎದೆಗಾರಿಕೆ ಪ್ರತಿಮೆಯ ಕತ್ತಿಗಿಂತ ದೊಡ್ಡದು.

ಜಗದೇವರಾಯ ಅಂದೆನಲ್ಲ, ಅವನೂ ನಮ್ಮ ಜಿಲ್ಲೆಗೆ ಬೇಕಾದವನೇ. ತಾಳಿಕೋಟೆಯಲ್ಲಿ ವಿಜಯನಗರ ಮುರಿದ ಮೇಲೆ ರಾಯರು ಪೆನುಕೊಂಡೆಗೆ ಸರಿದರು. 1577ರಲ್ಲಿ ಬಿಜಾಪುರದವರು ಅಲ್ಲಿಗೂ ಬಂದಾಗ ಕೋಟೆ ಉಳಿಸಿಕೊಟ್ಟವನು ಜಗದೇವರಾಯ. ಅದಕ್ಕೆ ಸಿಕ್ಕ ಇನಾಮು ಬಾರಾಮಹಲಿನಿಂದ ಘಟ್ಟದವರೆಗೆ ಹಬ್ಬಿದ ಸೀಮೆ. ಚೆನ್ನಪಟ್ಟಣ ಅವನ ರಾಜಧಾನಿಯಾಯಿತು, ಅಲ್ಲಿ ಕೋಟೆ ಕಟ್ಟಿಸಿದ. ಕನಕಪುರ, ಅಂದರೆ ಹಳೆಯ ಕಾನಕಾನಹಳ್ಳಿಯೂ ಆ ಮನೆತನದ್ದೇ. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಚೆನ್ನಪಟ್ಟಣವನ್ನು ತೆಗೆದುಕೊಂಡರು. ಅಲ್ಲಿಗೆ ಜಗದೇವರಾಯರ ಕಥೆ ಮುಗಿಯಿತು. ಅರ್ಧ ಶತಮಾನದ ಒಡೆತನ, ಅಷ್ಟೇ. ಊರು ಮಾತ್ರ ಅವರಿಗಿಂತ ಗಟ್ಟಿ: ಬಳೆ, ಸಕ್ಕರೆ, ವೀಣೆ ತಂಬೂರಿಗಳಿಗೆ ಬೇಕಾದ ಉಕ್ಕಿನ ತಂತಿ, ಆಮೇಲೆ ಅರಗಿನ ಗೊಂಬೆ ಎಂದು ಒಂದಾದ ಮೇಲೊಂದು ಕಸುಬು ಹಿಡಿದು ಬದುಕಿಕೊಂಡಿತು.

ಮೈಸೂರು ಚೆನ್ನಪಟ್ಟಣಕ್ಕೆ ಬಂದು ಕೂತ ಎಂಟು ವರ್ಷಕ್ಕೆ ಬಡಗಣದಿಂದ ಇನ್ನೊಂದು ಪೆಟ್ಟು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರಿಗೆ ಬಂದ, ಜೊತೆಗೆ ಶಹಾಜಿ ಭೋಸಲೆ. ಕೆಂಪೇಗೌಡನ ಕೈಯಿಂದ ಬೆಂಗಳೂರು ಹೋಯಿತು, ಶಹಾಜಿಗೆ ಜಹಗೀರಾಯಿತು. ಗೌಡನಿಗೆ ಉಳಿದದ್ದು ಮಾಗಡಿ ಮತ್ತು ಸುತ್ತಲಿನ ಬೆಟ್ಟಗಳು. ತಾತ ಮುತ್ತಾತಂದಿರು ಕೆರೆಕಟ್ಟೆ ಪೇಟೆಬೀದಿ ಎಂದು ಅಳೆದು ಅಳೆದು ಕಟ್ಟಿದ ಊರನ್ನು ಬಿಟ್ಟು ಆ ಮನೆಯವರು ಪಡುವಣಕ್ಕೆ ಹೊರಟರು. ಇವತ್ತು ಬೆಂಗಳೂರಿನಿಂದ ಹೊರಡುವ ಮಾಗಡಿ ರಸ್ತೆ ಹೆಚ್ಚುಕಡಿಮೆ ಆ ದಿಕ್ಕೇ.

ಆಮೇಲೆ ಬೆಂಗಳೂರು ಕೈಯಿಂದ ಕೈಗೆ ಹೋಯಿತು. ಮರಾಠರಿಂದ ಮೊಗಲರ ಕಾಸಿಂ ಖಾನನಿಗೆ, ಅವನಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ. ಮೂರು ಲಕ್ಷ ರೂಪಾಯಿಗೆ ಕ್ರಯ. ಆ ವ್ಯಾಪಾರದಲ್ಲಿ ಕಟ್ಟಿದವರ ವಂಶವನ್ನು ಯಾರೂ ಒಂದು ಮಾತು ಕೇಳಲಿಲ್ಲ. ವಂಶದವರು 50 ಕಿಲೋಮೀಟರ್ ಆಚೆ ಮಾಗಡಿ ಕೋಟೆಯಲ್ಲೇ ಇದ್ದರು. ಪಹಣಿಯಲ್ಲಿ ಹೆಸರು ಹೋಗಿ ತಲೆಮಾರು ಕಳೆದ ಜಮೀನಿನ ಮೇಲೆ ಹಳೆಯ ಹಕ್ಕುದಾರ ಬಂದು ನಿಂತರೆ ಏನಾಗುತ್ತದೆಂದು ನಾನು ಬಲ್ಲೆ.

ಮಾಗಡಿಯ ಈ ತೊಂಬತ್ತು ವರ್ಷಗಳನ್ನು ನಮ್ಮ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಅವೇ ಹೆಚ್ಚು ಕುತೂಹಲದ ವರ್ಷಗಳು. ರಾಜಧಾನಿ ಊರಿನ ನಡುವಿನ ಮಣ್ಣುಕಲ್ಲಿನ ಕೋಟೆ, ಕಂದಕ. ಆಪತ್ತಿಗೆ ಸಾವನದುರ್ಗ. ಊರ ಹೊರಗೆ ಸೋಮೇಶ್ವರನ ಗುಡಿ. ತಿರುಮಲೆಯಲ್ಲಿ ಮೊದಲೇ ಇದ್ದ ರಂಗನಾಥಸ್ವಾಮಿ, ಅಲ್ಲಿಯ ಜಾತ್ರೆ, ದನಗಳ ಪರಿಷೆ. ಹತ್ತಿರದ ಕಲ್ಯದಲ್ಲಿ ಜೈನರಿಗೂ ವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ 1368ರ ಶಾಸನ ಆಗಲೇ ಮುನ್ನೂರು ವರ್ಷ ಹಳೆಯದಾಗಿತ್ತು. ಅಂದರೆ ಗೌಡರು ಬಂದದ್ದು ಬರಿಯ ಕಾಡಿಗಲ್ಲ, ತನ್ನದೇ ಬಾಳು ಇದ್ದ ಸೀಮೆಗೆ. ಸಾವನದುರ್ಗದ ಬುಡದಲ್ಲಿ ನೆಲಪಟ್ಟಣ ಎಂಬ ಪೇಟೆಯೂ ಇತ್ತು.

ಆದರೆ ಸುತ್ತಲೂ ಮೈಸೂರು ಬಿಗಿಯುತ್ತಿತ್ತು. ತೆಂಕಣಕ್ಕೆ ಚೆನ್ನಪಟ್ಟಣ, ಕನಕಪುರ ಆಗಲೇ ಹೋಗಿದ್ದವು. ಹುಲಿಯೂರುದುರ್ಗ, ಕುಣಿಗಲು ಕಡೆಯೂ 17ನೇ ಶತಮಾನದಲ್ಲೇ ಜಾರಿದವು. ಚಿಕ್ಕದೇವರಾಜರ ಕಾಲಕ್ಕೆ ಮೂಡಣದ ಬೆಂಗಳೂರೂ ಮೈಸೂರಿನದಾಯಿತು. ನಕ್ಷೆಯಲ್ಲಿ ಗುರುತು ಹಾಕಿ ನೋಡಿದರೆ ಮಾಗಡಿ ನಡುಗಡ್ಡೆಯ ಹಾಗೆ ಉಳಿದಿದೆ. ಅಷ್ಟು ದಿನ ಅದು ಉಳಿದದ್ದೇ ಆಶ್ಚರ್ಯ. ಉಳಿಸಿದ್ದು ಸೈನ್ಯವಲ್ಲ, ಬೆಟ್ಟದ ಹೆದರಿಕೆ ಎಂದು ನನ್ನ ನಂಬಿಕೆ. ಹತ್ತಲು ಮೆಟ್ಟಿಲಿಲ್ಲ, ಬುಡದ ಸುತ್ತ ಬಿದಿರಮೆಳೆಗಳ ಕಾಡು, ಕಾಡಿನೊಳಗೆ ಚಳಿಜ್ವರ. ಇಂಥ ಕಡೆಗೆ ದಂಡು ಕಳಿಸಿದರೆ ಖರ್ಚೆಷ್ಟು, ಬರುವ ಕಂದಾಯವೆಷ್ಟು ಎಂದು ಶ್ರೀರಂಗಪಟ್ಟಣದ ಲೆಕ್ಕದವರು ಗುಣಿಸಿಯೇ ಇರುತ್ತಾರೆ.

1728ರಲ್ಲಿ ಆ ಲೆಕ್ಕ ಬದಲಾಯಿತು. ಗದ್ದುಗೆಯಲ್ಲಿದ್ದವರು ದೊಡ್ಡ ಕೃಷ್ಣರಾಜ ಒಡೆಯರು, ಅಧಿಕಾರ ನಡೆಸುತ್ತಿದ್ದವನು ದಳವಾಯಿ ದೇವರಾಜಯ್ಯ. ಅವನ ದಂಡು ಮಾಗಡಿಗೆ ಮುತ್ತಿಗೆ ಹಾಕಿತು. ಮುಮ್ಮಡಿ ಕೆಂಪವೀರಗೌಡ ಸಿಕ್ಕಿಬಿದ್ದ. ಮಾಗಡಿಯ ಜೊತೆಗೆ ಸಾವನದುರ್ಗವೂ ಹೋಯಿತು. ಎರಡು ಶತಮಾನಗಳಿಂದ ಕೂಡಿಟ್ಟಿದ್ದ ಸಂಪತ್ತು ಗೆದ್ದವರಿಗೆ ಸಿಕ್ಕಿತೆಂದು ಇಂಗ್ಲಿಷ್ ಇತಿಹಾಸಕಾರರು ಬರೆದಿದ್ದಾರೆ. ಗೌಡನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಮೂಲಪುರುಷ ಆನೆಗೊಂದಿಯ ಸೆರೆಯಿಂದ ದಂಡ ಕಟ್ಟಿ ಹೊರಬಂದಿದ್ದ; ಈತನಿಗೆ ಕಟ್ಟಲು ಏನೂ ಉಳಿದಿರಲಿಲ್ಲ. ಸೆರೆಯಲ್ಲೇ ತೀರಿಕೊಂಡ. ಯಲಹಂಕ ಪ್ರಭುಗಳ ಆಳ್ವಿಕೆ ಅವನೊಂದಿಗೆ ನಿಂತಿತು.

ದಳವಾಯಿಯ ಮುಂದಿನ ನಡೆಯನ್ನೂ ಹೇಳಬೇಕು. ಆರೇ ವರ್ಷಕ್ಕೆ, 1734ರಲ್ಲಿ, ಅವನೂ ಸರ್ವಾಧಿಕಾರಿ ನಂಜರಾಜಯ್ಯನೂ ಸೇರಿ ತಮ್ಮ ಅರಸ ಚಾಮರಾಜ ಒಡೆಯರನ್ನೇ ಗದ್ದುಗೆಯಿಂದ ಇಳಿಸಿ ಕನಕಪುರ ಸೀಮೆಯ ಕಬ್ಬಾಳದುರ್ಗಕ್ಕೆ ಸಾಗಹಾಕಿದರು. ಒಂದೇ ಕಡೆಯಿಂದ ಹತ್ತಬಹುದಾದ ಬೋಳು ಬೆಟ್ಟ, ಕೆಟ್ಟ ನೀರು. ಅಲ್ಲಿಗೆ ಹೋದ ಕೈದಿ ಮರಳಿ ಬರುವುದಿಲ್ಲವೆಂದೇ ಹೆಸರು. ಅರಸರು ಅಲ್ಲೇ ಸತ್ತರು. ನಮ್ಮ ಜಿಲ್ಲೆಯ ಬೆಟ್ಟಗಳು ಒಡೆಯರನ್ನು ಕಾಪಾಡಿದ್ದಕ್ಕಿಂತ ಕೂಡಿಹಾಕಿದ್ದೇ ಹೆಚ್ಚು ಎಂದು ಆಗಾಗ ಅನಿಸುತ್ತದೆ.

ಸಾವನದುರ್ಗ ಲೋಕದ ಕಣ್ಣಿಗೆ ಬಿದ್ದದ್ದು ಗೌಡರ ಕಾಲದಲ್ಲಲ್ಲ, ಟಿಪ್ಪುವಿನ ಕಾಲದಲ್ಲಿ. 1791ರ ಮಾರ್ಚಿನಲ್ಲಿ ಇಂಗ್ಲಿಷರ ದಂಡಿನ ಮುಖಂಡ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೂ ಹೋದ. ಮಳೆ, ಹಸಿವು, ಸಾಯುವ ಎತ್ತುಗಳು. ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ವಾಪಸಾದ. ಅವನಿಗೆ ಆಗ ಗೊತ್ತಾದದ್ದು ಒಂದು ವಿಷಯ: ಶ್ರೀರಂಗಪಟ್ಟಣ ಗೆಲ್ಲಲು ಬೇಕಾದದ್ದು ಅಕ್ಕಿ. ಅಕ್ಕಿ ಬರುವುದು ಬಂಜಾರರ ಹೇರೆತ್ತುಗಳ ಮೇಲೆ. ಎತ್ತುಗಳು ಬರುವ ದಾರಿಯ ಎರಡೂ ಕಡೆ ಟಿಪ್ಪುವಿನ ಬೆಟ್ಟದ ಕೋಟೆಗಳು. ಸಾವನದುರ್ಗ, ಹುತ್ರಿದುರ್ಗ, ರಾಮಗಿರಿ ಎಲ್ಲವನ್ನೂ ಹಿಂದೆ ಬಿಟ್ಟು ಮುಂದೆ ಹೋದರೆ ಸಾಮಾನು ಸರಬರಾಜು ನಿಂತಹಾಗೆ. ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು. ಡಿಸೆಂಬರಿಗೆ ಸಾವನದುರ್ಗದ ಸರದಿ.

ಡಿಸೆಂಬರ್ 10ರಂದು ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟನ ತುಕಡಿ ಬೆಟ್ಟದ ಬಡಗಣಕ್ಕೆ ಬೀಡುಬಿಟ್ಟಿತು. ಟಿಪ್ಪುವಿಗೆ ಸುದ್ದಿ ಮುಟ್ಟಿದಾಗ ಸಂತೋಷವೇ ಆಯಿತಂತೆ: ಅರ್ಧ ಜನ ಜ್ವರಕ್ಕೆ ಸಾಯುತ್ತಾರೆ, ಉಳಿದರ್ಧ ಗೋಡೆ ಹತ್ತುವಾಗ ಸಾಯುತ್ತಾರೆ ಎಂದು. ಸುತ್ತಲಿನ ಜನಕ್ಕೂ ಬೆಟ್ಟದ ಮೇಲೆ ಅದೇ ನಂಬಿಕೆ. ಇಂಗ್ಲಿಷರು ತಮ್ಮ ಬರಹಗಳಲ್ಲಿ ಇದನ್ನು ಸಾವಿನ ದುರ್ಗ ಎಂದೇ ಕರೆದುಕೊಂಡರು; ದಂಡಿನ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಚಿತ್ರಗಳ ಪುಸ್ತಕದಲ್ಲೂ ಹಾಗೇ ಇದೆ.

ಆದರೆ ಬಿದಿರು ಎಷ್ಟು ದಟ್ಟವಾಗಿದ್ದರೂ ಕಡಿದರೆ ಬೀಳುತ್ತದೆ. ಒಂದು ವಾರ ಬಿದಿರು ಕಡಿದರು, ಬಂಡೆ ಸರಿಸಿದರು, ತೋಪಿನ ಗಾಡಿ ಹೋಗುವ ದಾರಿ ಮಾಡಿದರು. ಮುತ್ತಿಗೆಯ ನಿಜವಾದ ಕಷ್ಟ ಈ ದಾರಿಯೇ. 17ರಿಂದ ತೋಪು ಹಾರಿಸಿದರು. ಮೂರು ನಾಲ್ಕು ದಿನಕ್ಕೆ ಗೋಡೆಯಲ್ಲಿ ಕಂಡಿ ಬಿತ್ತು. ಡಿಸೆಂಬರ್ 21ರಂದು, ಹಾಡೇ ಹಗಲು, ಹನ್ನೊಂದು ಗಂಟೆಗೆ, ಬ್ಯಾಂಡ್ ನುಡಿಸಿಕೊಂಡು ಏರಿದರು. ಒಳಗಿನವರು ಕಾಯಲಿಲ್ಲ. ಕರಿಗುಡ್ಡದ ಕಡೆಯಿಂದ ಕಮರಿ ದಾಟಿ ಬಿಳಿಗುಡ್ಡದ ಕೋಟೆಗೆ ಓಡಿದರು. ಅಟ್ಟಿಸಿಕೊಂಡು ಹೋದವರು ಅವರ ಹಿಂದೆಯೇ ಬಾಗಿಲಲ್ಲಿ ನುಗ್ಗಿದರು. ಕಿಲ್ಲೇದಾರ ಸತ್ತ. ಬಂಡೆಯಿಂದ ಜಾರಿಬಿದ್ದು ಕೋಟೆಯ ಎಷ್ಟೋ ಸಿಪಾಯಿಗಳು ಸತ್ತರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಇಂಗ್ಲಿಷರ ವರದಿಯಂತೆ ಆ ಏರುವಿಕೆಯಲ್ಲಿ ಅವರ ಕಡೆ ಒಬ್ಬನೂ ಸಾಯಲಿಲ್ಲ, ಒಬ್ಬನಿಗೆ ಗಾಯ. ಬೆನ್ನಲ್ಲೇ ಹುತ್ರಿದುರ್ಗ, ರಾಮಗಿರಿಗಳೂ ಬಿದ್ದವು.

ಜ್ವರ ಬರಲು ಹತ್ತು ದಿನ ಸಾಲಲಿಲ್ಲ. ಟಿಪ್ಪುವಿನ ಲೆಕ್ಕ ತಪ್ಪಿದ್ದು ಅಲ್ಲಿ. ಅದೂ ಡಿಸೆಂಬರ್, ಮಳೆ ನಿಂತು ಒಣಹವೆ ಬಂದ ಕಾಲ. ತಲೆತಲಾಂತರ ಕೋಟೆಯನ್ನು ಕಾದದ್ದು ಹೆಸರು. ಹೆಸರಿಗೆ ಹೆದರದವನು ಕೊಡಲಿ ಹಿಡಿದು ಬಂದಾಗ ಒಳಗಿನವರಿಗೇ ಹೆದರಿಕೆಯಾಯಿತು. ಕಾನಕಾನಹಳ್ಳಿಯ ಗತಿ ಇನ್ನೂ ಕಷ್ಟದ್ದು: ಇಂಗ್ಲಿಷರಿಗೆ ಆಸರೆಯಾಗಬಾರದೆಂದು ಟಿಪ್ಪುವೇ ಆ ಊರನ್ನು ಎರಡು ಸಲ ಹಾಳುಗೆಡವಿಸಿದ. ಅದರ ಮನೆಮಠಗಳ ಲೆಕ್ಕ ಯಾವ ಚಿತ್ರಕಾರನೂ ಬರೆಯಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಬೆಟ್ಟಗಳಿಗೆ ಕೆಲಸವಿಲ್ಲದಂತಾಯಿತು. ದಿವಾನ್ ಪೂರ್ಣಯ್ಯ 1800ರಲ್ಲಿ ಕಾಡು ಕಡಿಸಿ ಬೆಂಗಳೂರು–ಶ್ರೀರಂಗಪಟ್ಟಣ ರಸ್ತೆಯ ಮೇಲೆಯೇ ಒಂದು ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದ. ಅದೇ ಇಂದಿನ ರಾಮನಗರ, ರೇಷ್ಮೆಗೂಡಿನ ಮಾರುಕಟ್ಟೆಯ ಊರು. ಕಂದಾಯ ಹುಟ್ಟುವುದು ರಸ್ತೆಯ ಪೇಟೆಯಲ್ಲಿ ಎಂದು ಕಂಡುಕೊಂಡ ಪೂರ್ಣಯ್ಯ ಆ ಕಾಲದ ಎಲ್ಲ ಪಾಳೆಗಾರರಿಗಿಂತ ಬುದ್ಧಿವಂತ. ಅದೇ ವರ್ಷ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಬೆಟ್ಟಗಳ ಮರಗಳ ಉದ್ದನೆಯ ಪಟ್ಟಿ ಮಾಡಿಟ್ಟ. ಕಾಡು ಮತ್ತೆ ಗೋಡೆ ಹತ್ತುತ್ತಿತ್ತು. ನೆಲಪಟ್ಟಣ ಮರಗಳ ನಡುವೆ ಕಳೆದುಹೋಯಿತು.

ಕಳೆದ ಶತಮಾನದಲ್ಲಿ ಬೆಟ್ಟಕ್ಕೆ ಹೊಸ ಗಿರಾಕಿಗಳು ಬಂದರು. ರಾಮದೇವರ ಬೆಟ್ಟದಲ್ಲಿ ‘ಶೋಲೆ’ ಆದದ್ದು ಎಲ್ಲರಿಗೂ ಗೊತ್ತು. ಡೇವಿಡ್ ಲೀನ್ ತನ್ನ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಗುಹೆಗಳಿಗೆ ಸಾವನದುರ್ಗದ ಬಂಡೆಯನ್ನೂ ಬಳಸಿಕೊಂಡದ್ದು ನಮ್ಮ ಊರಿನ ಹುಡುಗರಿಗೇ ಗೊತ್ತಿಲ್ಲ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಹಿರಿಯ ಕೆಂಪೇಗೌಡನದೆಂದು ಒಂದು ಸಮಾಧಿಯನ್ನು ಗುರುತಿಸಿದ ಮೇಲೆ ಇಲ್ಲಿಗೂ ಅಧಿಕಾರಿಗಳ ಓಡಾಟ ಬಂತು. ಮಾಗಡಿ ಕೋಟೆಯ ಗೋಡೆಗೆ ದುರಸ್ತಿ ಭಾಗ್ಯವೂ ಬಂತು. ಕೊನೆಯ ಕೆಂಪವೀರಗೌಡನ ಹೆಸರಿನ ಒಂದು ಕಲ್ಲು ಮಾತ್ರ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ.

ಬಿಡುವಿಲ್ಲದೆ ಬರುವ ಇನ್ನೊಂದು ಗುಂಪು ನಿಧಿ ಹುಡುಕುವವರದು. ಬೆಟ್ಟದ ಬುಡದ ಕಾಡಿನಲ್ಲಿ ಒಂದು ಪಾಳು ಮಂಟಪದ ನಡುವೆ ಹೊಸದಾಗಿ ತೋಡಿದ ಗುಂಡಿ, ಅದರ ದಡದಲ್ಲಿ ಒಡೆದ ನಿಂಬೆಹಣ್ಣು, ಕುಂಕುಮ ನೋಡಿದ್ದೇನೆ. ಜೊತೆಗಿದ್ದ ಮೇಕೆ ಕಾಯುವ ಹಿರಿಯರು ಅದನ್ನು ಕಾಲಲ್ಲಿ ಸರಿಸಿ, ‘ಇಲ್ಲಿಂದ ಮಾಗಡಿ ಕೋಟೆಗೆ ಸುರಂಗ ಐತೆ ಸ್ವಾಮಿ, ಹೊನ್ನೆಲ್ಲ ಅದ್ರೊಳಗೇ ಇರೋದು’ ಎಂದರು. 12 ಕಿಲೋಮೀಟರ್ ಬಂಡೆ ಕೊರೆದವರು ಯಾರು ಯಜಮಾನ್ರೇ ಎಂದೆ. ‘ನೀವು ಅಳತೆ ಮಾಡಿಸೋರು, ನಿಮ್ ನಕ್ಸೇಲೇ ಇಲ್ವಾ?’ ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. ನಂಬಲಿಲ್ಲ, ಇಲಾಖೆಯವರು ಬೇಕೆಂದೇ ಮುಚ್ಚಿಟ್ಟಿದ್ದಾರೆಂದು ಅವರ ಗುಮಾನಿ.

ಬೆಟ್ಟದಲ್ಲಿ ಸಂಪತ್ತು ಇದ್ದದ್ದಂತೂ ನಿಜ. ಅದು 1728ರಲ್ಲಿ ಶ್ರೀರಂಗಪಟ್ಟಣದವರ ಕೈಸೇರಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಖಜಾನೆಯನ್ನು ಇಂಗ್ಲಿಷರು ಲೂಟಿಯ ಪಾಲೆಂದು ಎಣಿಸಿ, ಜನರಲ್‌ಗೆ ಇಷ್ಟು ಸಿಪಾಯಿಗೆ ಇಷ್ಟು ಎಂದು ದರ್ಜೆವಾರು ಹಂಚಿಕೊಂಡರು. ಗೌಡರ ಹೊನ್ನು ಅದರಲ್ಲಿ ಒಂದಿಷ್ಟು ಉಳಿದಿದ್ದರೂ ಅಂದೇ ಹಡಗು ಹತ್ತಿರುತ್ತದೆ. ಗುದ್ದಲಿ ಹಿಡಿದು ಬರುವವರಿಗೆ ನಾನು ಹೇಳುವುದು ಇಷ್ಟೇ: ಮಂಟಪದ ಕಲ್ಲು ಕೀಳಬೇಡಿ, ಅಲ್ಲಿ ಬಾಕಿ ಏನೂ ಇಲ್ಲ, ಲೆಕ್ಕ ಚುಕ್ತಾ ಆಗಿದೆ.